ಮುಕ್ಕಾಲೋ, ಅರೆಯೋ? ಮಗುವಿನ ಕೈಗೆ ಪಿಟೀಲು ಅಳೆಯುವ ಬಗೆ

ಜೂನ್ ತಿಂಗಳಲ್ಲಿ ಯೂನಿಫಾರ್ಮ್ ಹೊಲಿಸಲು ಹೋದವರೆಲ್ಲ ದರ್ಜಿಗೆ ಹೇಳುವ ಮಾತೊಂದಿದೆ: "ಸ್ವಲ್ಪ ದೊಡ್ಡದೇ ಇರಲಿ, ಬೆಳೆಯುವ ಮಕ್ಕಳಲ್ವಾ." ನವರಾತ್ರಿ ಹತ್ತಿರ ಬಂದಾಗ ಕಾಸರಗೋಡಿನ ಕುಂಬಳೆ, ನೀರ್ಚಾಲು, ಬದಿಯಡ್ಕ, ಪೆರ್ಲದ ಕಡೆ ಇದೇ ಮಾತು ಪಿಟೀಲಿನ ಬಗ್ಗೆಯೂ ಕೇಳಿಬರುತ್ತದೆ. ವಿಜಯದಶಮಿಗೆ ಪಾಠ ಶುರು ಮಾಡಬೇಕು, ಅದಕ್ಕೆ ಮೊದಲು ಮಂಗಳೂರಿಗೆ ಹೋಗಿ ವಾದ್ಯ ತರಬೇಕು, ಹೇಗೂ ಹೋಗುವುದಾದರೆ ಫುಲ್ ಸೈಜನ್ನೇ ತಂದರೆ ಮತ್ತೆ ಮತ್ತೆ ಖರ್ಚಿಲ್ಲ. "ಟೀಚರೇ, ದೊಡ್ಡದು ತಕ್ಕೊಂಡ್ರೆ ಆಗುದಿಲ್ವಾ?" ಅಂಗಿ ದೊಡ್ಡದಾದರೆ ತೋಳು ಮಡಚಿ ಹಾಕಿಕೊಳ್ಳಬಹುದು. ಪಿಟೀಲು ದೊಡ್ಡದಾದರೆ ಮಗು ತನ್ನ ಬೆನ್ನನ್ನೇ ಮಡಚಿಕೊಳ್ಳುತ್ತದೆ. ಆರು ತಿಂಗಳಲ್ಲಿ ಆ ಬಾಗು ಮೈಗೆ ಒಗ್ಗಿಹೋಗುತ್ತದೆ, ಆಮೇಲೆ ಅದನ್ನು ಬಿಡಿಸಲು ಎರಡು ವರ್ಷ ಬೇಕು.

ಮೊದಲು ಅಳತೆಯ ಹೆಸರುಗಳನ್ನು ನೋಡೋಣ. ಅಂಗಡಿಯಲ್ಲಿ ಫೋರ್ ಬೈ ಫೋರ್, ಥ್ರೀ ಬೈ ಫೋರ್, ಹಾಫ್, ಕ್ವಾರ್ಟರ್, ಒನ್ ಬೈ ಎಯ್ಟ್ ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಪೂರ್ತಿ, ಮುಕ್ಕಾಲು, ಅರೆ, ಕಾಲು, ಅರೆಕಾಲು. ಅದಕ್ಕೂ ಚಿಕ್ಕದು ಹದಿನಾರರಲ್ಲಿ ಒಂದು, ಅಂದರೆ ಹಳೆಯ ಲೆಕ್ಕದ ವೀಸ. ಹೆಸರು ಕೇಳಿದರೆ ಅರೆ ಪಿಟೀಲು ಪೂರ್ತಿಯ ಅರ್ಧ ಉದ್ದ ಇರಬೇಕು ಅನಿಸುತ್ತದೆ, ಆದರೆ ಹಾಗಿರುವುದಿಲ್ಲ. ಪೂರ್ತಿ ಪಿಟೀಲಿನ ಒಡಲಿನ ಉದ್ದ ಸುಮಾರು 14 ಇಂಚು. ಮುಕ್ಕಾಲಿನದು ಸುಮಾರು ಹದಿಮೂರೂಕಾಲು, ಅರೆಯದು ಹನ್ನೆರಡೂವರೆ, ಕಾಲಿನದು 11, ಅರೆಕಾಲಿನದು 10 ಇಂಚಿನ ಆಸುಪಾಸು. ಪೂರ್ತಿಗೂ ಅರೆಗೂ ನಡುವೆ ಇರುವುದು ಒಂದೂವರೆ ಇಂಚು ಮಾತ್ರ. ಅದಕ್ಕೇ "ಒಂದು ಸೈಜ್ ಹೆಚ್ಚಾದರೆ ಏನಾಯಿತು" ಅನಿಸುವುದು. ಕಣ್ಣಿಗೆ ಆ ವ್ಯತ್ಯಾಸ ಚಿಕ್ಕದಾಗಿಯೇ ಕಾಣುತ್ತದೆ, ಬೆರಳಿಗೆ ಹಾಗಲ್ಲ.

ಅಳೆಯುವಾಗ ಪಿಟೀಲನ್ನು ಮಗುಚಿ, ಹಿಂಬದಿಯ ಹಲಗೆಯನ್ನು ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ ಅಳೆಯಬೇಕು. ಕತ್ತಿನ ಬುಡದಲ್ಲಿ ಗುಂಡಿಯ ಹಾಗೆ ಚಾಚಿದ ಭಾಗವನ್ನು ಸೇರಿಸಬಾರದು. ಒಳಗಿನ ಲೇಬಲ್ಲಿನಲ್ಲಿ ಸೈಜ್ ಬರೆದಿರುತ್ತದೆ, ಎಡಗಡೆಯ ಎಫ್ ಆಕಾರದ ರಂಧ್ರದಿಂದ ಇಣುಕಿದರೆ ಕಾಣುತ್ತದೆ. ಆದರೂ ಟೇಪ್ ಹಿಡಿಯುವುದೇ ಒಳ್ಳೆಯದು, ಯಾಕೆಂದರೆ ಒಬ್ಬ ತಯಾರಕರ ಅರೆಗೂ ಇನ್ನೊಬ್ಬರ ಅರೆಗೂ ಕಾಲು ಇಂಚಿನ ವ್ಯತ್ಯಾಸ ಸಾಮಾನ್ಯ.

ಇನ್ನು ಎಲ್ಲರ ಕೈಯಲ್ಲೂ ಇರುವ ತೋಳಿನ ಪಟ್ಟಿ. ಎಡಗೈಯನ್ನು ಪಕ್ಕಕ್ಕೆ ನೇರ ಚಾಚಿ, ಕತ್ತಿನ ಬುಡದಿಂದ ಅಂಗೈಯ ನಡುವಿನವರೆಗೆ ಅಳೆಯುವುದು. ಸುಮಾರು 58 ಸೆಂಟಿಮೀಟರಿಗೆ ಮೇಲಿದ್ದರೆ ಪೂರ್ತಿ, 55–56 ಬಂದರೆ ಮುಕ್ಕಾಲು, 51 ಬಂದರೆ ಅರೆ, 46–47 ಬಂದರೆ ಕಾಲು, 43ರ ಸುಮಾರಿಗೆ ಅರೆಕಾಲು. ಎರಡರ ನಡುವೆ ಬಂದರೆ ಚಿಕ್ಕದು. ವಯಸ್ಸಿನ ಪಟ್ಟಿಯೂ ಇದೆ, ಆದರೆ ಅದನ್ನು ನಂಬಿ ದುಡ್ಡು ಹಾಕಬೇಡಿ. ಒಂದೇ ಬೆಂಚಿನ ಎರಡು ಎಂಟು ವರ್ಷದ ಮಕ್ಕಳ ತೋಳಿನಲ್ಲಿ ಒಂದು ಸೈಜಿನ ಅಂತರ ಇರುವುದು ಹೊಸತೇನಲ್ಲ.

ತೋಳಿನ ಪಟ್ಟಿ ಸುಳ್ಳಲ್ಲ. ಅದು ಹುಟ್ಟಿದ್ದು ನಿಂತು ನುಡಿಸುವವರಿಗಾಗಿ, ಅಷ್ಟೇ. ಪಿಟೀಲು ದಕ್ಷಿಣಾದಿ ಸಂಗೀತಕ್ಕೆ, ಅಂದರೆ ನಮ್ಮ ಕರ್ನಾಟಕ ಸಂಗೀತಕ್ಕೆ, ಬಂದದ್ದು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದ ಹೊತ್ತಿಗೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಹೆಸರು ಅದರ ಜೊತೆಗೆ ಬರುತ್ತದೆ. ವಾದ್ಯ ಹಾಗೇ ಉಳಿಯಿತು, ಕೂರುವ ರೀತಿ ಪೂರಾ ಬದಲಾಯಿತು. ಪಾಶ್ಚಾತ್ಯ ಪದ್ಧತಿಯಲ್ಲಿ ಪಿಟೀಲು ಗಲ್ಲ ಮತ್ತು ಭುಜದ ನಡುವೆ ನಿಲ್ಲುತ್ತದೆ, ಚಾಚಿದ ತೋಳು ಅದನ್ನು ತಲುಪಬೇಕು. ನಾವು ಚಕ್ಕಳಮಕ್ಕಳ ಕೂತು, ಬಲಗಾಲನ್ನು ತುಸು ಮುಂದೆ ತಂದು, ಪಿಟೀಲಿನ ತುದಿಯ ಸುರುಳಿಯನ್ನು ಬಲಪಾದದ ಗಂಟಿನ ಹತ್ತಿರ ಊರುತ್ತೇವೆ. ಇನ್ನೊಂದು ತುದಿ ಎದೆಯ ಎಡಭಾಗಕ್ಕೆ, ಭುಜದ ಮೂಳೆಯ ಕೆಳಗೆ ಒರಗುತ್ತದೆ. ವಾದ್ಯದ ಭಾರ ಹೊರುವುದು ಕಾಲು ಮತ್ತು ಎದೆ. ಎಡಗೈ ಯಾವುದನ್ನೂ ಹಿಡಿಯುವುದಿಲ್ಲ, ತಂತಿಯ ಮೇಲೆ ಜಾರಲು ಅದಕ್ಕೆ ಪೂರ್ತಿ ಬಿಡುವು. ಸ್ವರವನ್ನು ಜಾರಿಸುವ, ಅಲುಗಿಸುವ ನಮ್ಮ ಗಮಕಗಳು, ಜಾರು, ಕಂಪಿತ ಎಲ್ಲವೂ ನಿಂತಿರುವುದು ಈ ಬಿಡುವಿನ ಮೇಲೆಯೇ.

ಆದ್ದರಿಂದ ನಮ್ಮ ಮಗುವಿಗೆ ಮೊದಲು ಅಳೆಯಬೇಕಾದದ್ದು ಎದೆಯಿಂದ ಪಾದದವರೆಗಿನ ಜಾಗ. ಚಾಪೆಯ ಮೇಲೆ ಕೂರಿಸಿ, ಪಿಟೀಲು ಕೊಟ್ಟು, ಎರಡು ನಿಮಿಷ ಸುಮ್ಮನೆ ನೋಡಿ. ಏನೂ ಹೇಳಬೇಡಿ. ವಾದ್ಯ ದೊಡ್ಡದಾಗಿದ್ದರೆ ಮಗು ಜಾಗ ಮಾಡಿಕೊಳ್ಳಲು ಬಲಗಾಲನ್ನು ದೂರ ದೂರ ತಳ್ಳುತ್ತದೆ, ಇಲ್ಲವೇ ಸೊಂಟದಿಂದ ಹಿಂದಕ್ಕೆ ವಾಲುತ್ತದೆ. ಕಾಲು ದೂರ ಹೋದ ಮೇಲೆ ಅದರ ಹಿಂದೆ ಕೈಯೂ ಹೋಗಬೇಕಲ್ಲ! ಇಲ್ಲೊಂದು ವಿಶೇಷ ಇದೆ. ನಮ್ಮ ಕೂರುವಿಕೆಯಲ್ಲಿ ತಂತಿ ಬಿಗಿಯುವ ಬಿರಡೆಗಳ ಕಡೆಯ ತುದಿ ಮೈಯಿಂದ ಅತಿ ದೂರದಲ್ಲಿ, ಪಾದದ ಬಳಿ ಇರುತ್ತದೆ. ಮೊದಲ ಪಾಠದ ರಿಷಭ ಸಿಗುವುದು ಅಲ್ಲೇ. ಹಾಗಾಗಿ ದೊಡ್ಡ ಪಿಟೀಲು ಸಿಕ್ಕಿದ ಮಗುವಿಗೆ ಅತಿ ಕಷ್ಟದ ಸ್ವರ ತಾರಸ್ಥಾಯಿಯಲ್ಲಿ ಇರುವುದಿಲ್ಲ, ಮೊದಲ ಪಾಠವಾದ ಸರಳೆಯ ಎರಡನೆಯ ಸ್ವರವೇ ಕಷ್ಟವಾಗುತ್ತದೆ. ಪ್ರತಿ ಸಲ "ರಿ" ಬಂದಾಗ ತಲೆ ಮುಂದಕ್ಕೆ ಬಗ್ಗುತ್ತದೆ, ಎಡ ಭುಜ ಇಳಿಯುತ್ತದೆ, ಮೊಣಕೈ ಕೋಲಿನ ಹಾಗೆ ನೆಟ್ಟಗಾಗುತ್ತದೆ. ಮೊಣಕೈಯಲ್ಲಿ ಸ್ವಲ್ಪವಾದರೂ ಬಾಗು ಉಳಿದಿರಬೇಕು. ರಿಷಭದ ಜಾಗಕ್ಕೆ ಬೆರಳು ಇಟ್ಟಾಗಲೂ ಆ ಬಾಗು ಇದ್ದರೆ ಉದ್ದ ಸರಿಯಾಗಿದೆ.

ಎರಡನೆಯ ಪರೀಕ್ಷೆ ಬೆರಳಿನದು. ಈ ವಿಷಯದಲ್ಲಿ ತೋಳಿನ ಪಟ್ಟಿ ಏನನ್ನೂ ಹೇಳುವುದಿಲ್ಲ. ಪುರಂದರದಾಸರ ಹೆಸರಿನಲ್ಲಿ ಬಂದಿರುವ ಪಾಠಕ್ರಮದಲ್ಲಿ ಸರಳೆ ಶುರುವಾಗುವುದು ಮಾಯಾಮಾಳವಗೌಳ ರಾಗದಲ್ಲಿ. ಹಾಡುವ ಮಗುವಿಗೆ ಅದು ಒಳ್ಳೆಯ ಆಯ್ಕೆ. ಪಿಟೀಲಿನ ಮಗುವಿಗೆ ಮಾತ್ರ ಮೊದಲ ದಿನವೇ ದೊಡ್ಡ ನೆಗೆತ: ಶುದ್ಧ ರಿಷಭ ಬಿರಡೆಯ ಕಡೆ ಅಂಟಿಕೊಂಡಂತೆ ಇದೆ, ಅಂತರ ಗಾಂಧಾರ ದೂರದಲ್ಲಿದೆ, ಅದರ ಪಕ್ಕದಲ್ಲೇ ಮಧ್ಯಮ ಒತ್ತಿಕೊಂಡಿದೆ. ಪಂಚಮದ ತಂತಿಗೆ ಹೋದರೆ ಧೈವತ, ನಿಷಾದಕ್ಕೂ ಅದೇ ಜಾಗ, ಅದೇ ಅಂತರ.

ಈ ಅಂತರವನ್ನು ಲೆಕ್ಕ ಹಾಕಬಹುದು. ಬಿರಡೆಯ ಬಳಿ ತಂತಿ ಕೂರುವ ಚಿಕ್ಕ ಮೆಟ್ಟಿಲಿನಿಂದ, ಒಡಲಿನ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯವರೆಗಿನ ತಂತಿಯ ಉದ್ದವನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಗಮಕ ಬಿಟ್ಟು ಸಪ್ಪೆ ಸ್ವರದ ಲೆಕ್ಕದಲ್ಲಿ ಶುದ್ಧ ರಿಷಭ ಇರುವುದು ಆ ಉದ್ದದ ಹದಿನಾರರಲ್ಲಿ ಒಂದರ ದೂರದಲ್ಲಿ, ಅಂತರ ಗಾಂಧಾರ ಐದರಲ್ಲಿ ಒಂದರ ದೂರದಲ್ಲಿ, ಶುದ್ಧ ಮಧ್ಯಮ ಸರಿಯಾಗಿ ಕಾಲು ಭಾಗದಲ್ಲಿ. ಪೂರ್ತಿ ಪಿಟೀಲಿನ ತಂತಿ ಸುಮಾರು 328 ಮಿಲಿಮೀಟರ್. ರಿಷಭದ ಬೆರಳಿಗೂ ಗಾಂಧಾರದ ಬೆರಳಿಗೂ ನಡುವೆ 45 ಮಿಲಿಮೀಟರ್ ಬರುತ್ತದೆ. ಮುಕ್ಕಾಲಿನಲ್ಲಿ ಅದು ಸುಮಾರು 42, ಅರೆಯಲ್ಲಿ 39, ಕಾಲಿನಲ್ಲಿ 36. ಹೀಗೆ ಪ್ರತಿ ಸೈಜಿಗೆ ಮೂರು ಮಿಲಿಮೀಟರ್ ಬದಲಾಗುತ್ತದೆ. ತೋರುಬೆರಳಿಗೂ ನಡುಬೆರಳಿಗೂ ಮಧ್ಯೆ ಮೂರು ಮಿಲಿಮೀಟರ್ ಹೆಚ್ಚು ಹಿಗ್ಗಿಸುವುದು ಏಳು ವರ್ಷದ ಕೈಗೆ ಎಷ್ಟು ದೊಡ್ಡ ಕೆಲಸ ಅನ್ನುವುದು ಆ ಕೈಯನ್ನು ಹಿಡಿದು ನೋಡಿದವರಿಗೆ ಗೊತ್ತು.

ಇದನ್ನು ಮಂಗಳೂರಿನ ರೈಲು ಹತ್ತುವ ಮೊದಲೇ ಮನೆಯಲ್ಲಿ ನೋಡಿಕೊಳ್ಳಬಹುದು. ಮೇಜಿನ ಮೇಲೆ ಶಾಲೆಯ ಸ್ಕೇಲ್ ಇಡಿ. ಮಗು ಎಡಗೈಯ ಬೆರಳುಗಳನ್ನು ತಂತಿ ಒತ್ತುವ ಹಾಗೆ ಗೂನಾಗಿ ಬಾಗಿಸಿ, ತೋರುಬೆರಳಿನ ತುದಿಯನ್ನು ಸೊನ್ನೆಯ ಮೇಲೆ ಇಡಲಿ. ನಡುಬೆರಳಿನ ತುದಿಯನ್ನು ಎಳೆಯದೆ, ಮಣಿಕಟ್ಟು ತಿರುಚದೆ ಎಲ್ಲಿಯವರೆಗೆ ತಲುಪಿಸಬಹುದು ನೋಡಿ. ಬೆರಳು ನೆಟ್ಟಗಾದರೆ ಆ ಅಳತೆ ಲೆಕ್ಕಕ್ಕಿಲ್ಲ. ಆಮೇಲೆ ಉಂಗುರಬೆರಳನ್ನು ಅದರ ಪಕ್ಕ ಇಡಲು ಹೇಳಿ, ಹೆಬ್ಬೆರಳು ಸಡಿಲವಾಗಿಯೇ ಉಳಿಯಬೇಕು. 39 ಆರಾಮವಾಗಿ ಬಂದು 42ಕ್ಕೆ ಮುಖ ಸಣ್ಣದಾದರೆ ಆ ಮಗುವಿಗೆ ಅರೆ ಪಿಟೀಲು, ತೋಳಿನ ಪಟ್ಟಿ ಮುಕ್ಕಾಲು ಎಂದು ಹೇಳಿದರೂ ಸರಿ.

ಇಲ್ಲೊಂದು ಆಕ್ಷೇಪ ಬರಬಹುದು. ನಮ್ಮಲ್ಲಿ ಬೆರಳು ಜಾರುತ್ತದಲ್ಲ, ರಿಷಭದಿಂದ ಗಾಂಧಾರಕ್ಕೆ ಅದೇ ಬೆರಳನ್ನು ಜಾರಿಸಿದರೆ ಅಂತರದ ಪ್ರಶ್ನೆ ಎಲ್ಲಿ? ಹಾಗೆ ಕಲಿಸುವ ಪಾಠಾಂತರಗಳೂ ಇವೆ, ಕೆಲವು ಪ್ರಯೋಗಗಳಿಗೆ ಅದೇ ಚೆಂದ. ಆದರೆ ಜಾರುವುದು ಒಂದು ಸಂಗೀತದ ನಿರ್ಧಾರ ಆಗಿರಬೇಕು. ಕೈ ಎಟುಕದೆ ಜಾರುವ ಮಗುವಿಗೆ ಸ್ವರ ನಿಲ್ಲುವ ಜಾಗ ಗೊತ್ತಾಗುವುದಿಲ್ಲ. ವೇಗದ ಮೂರನೆಯ ಕಾಲ ಬಂದಾಗ ಗಾಂಧಾರ ಪ್ರತಿ ಸಲ ಒಂದು ಕೂದಲೆಳೆ ತಗ್ಗಿ ಕೂರುತ್ತದೆ, ಮನೆಯವರು "ಮಗುವಿಗೆ ಶ್ರುತಿಜ್ಞಾನ ಕಮ್ಮಿ" ಅಂದುಕೊಳ್ಳುತ್ತಾರೆ. ಹಾಗೆ ಅನ್ನಿಸಿಕೊಂಡು ಪಾಠ ಬಿಟ್ಟ ಮಕ್ಕಳಲ್ಲಿ ಕೆಲವರಿಗಾದರೂ ಕಿವಿ ಸರಿಯಾಗಿಯೇ ಇತ್ತು, ಕೈಯಲ್ಲಿದ್ದ ಮರ ದೊಡ್ಡದಾಗಿತ್ತು ಎಂಬುದು ನನ್ನ ಗಟ್ಟಿ ನಂಬಿಕೆ.

ಚಿಕ್ಕದಾದರೆ ಆಗುವ ತೊಂದರೆ ಬೇರೆ ತರಹದ್ದು, ಅಷ್ಟು ಕೆಟ್ಟದ್ದೂ ಅಲ್ಲ. ಗಾಂಧಾರಕ್ಕೂ ಮಧ್ಯಮಕ್ಕೂ ನಡುವಿನ ಜಾಗ ತಂತಿಯ ಇಪ್ಪತ್ತರಲ್ಲಿ ಒಂದು ಪಾಲು: ಪೂರ್ತಿಯಲ್ಲಿ ಸುಮಾರು 16 ಮಿಲಿಮೀಟರ್, ಕಾಲು ಪಿಟೀಲಿನಲ್ಲಿ 13. ಬೆರಳು ದಪ್ಪವಾಗುತ್ತಾ ಬಂದಂತೆ ನಡುಬೆರಳೂ ಉಂಗುರಬೆರಳೂ ಒಂದನ್ನೊಂದು ತಳ್ಳತೊಡಗುತ್ತವೆ, ಮಧ್ಯಮ ಏರಿ ಕೂರುತ್ತದೆ. ಬಲಗಾಲನ್ನು ಒಳಕ್ಕೆ ಎಳೆದುಕೊಂಡು ಕೂತರೂ ಪಿಟೀಲು ಎದೆ ಬಿಟ್ಟು ಕೆಳಗೆ ಜಾರುತ್ತದೆ. ಕಮಾನು ಬೇಗ ಮುಗಿದುಹೋಗುತ್ತದೆ. ಇವೆಲ್ಲ ಒಟ್ಟಿಗೆ ಕಾಣಿಸಿದಾಗ ಮುಂದಿನ ಸೈಜಿಗೆ ಹೋಗುವ ಕಾಲ ಬಂತು. ಒಂದೇ ಒಂದು ಲಕ್ಷಣ ಕಂಡರೆ ಕಾಯಬಹುದು.

ಕಮಾನೂ ಸೈಜಿಗೆ ತಕ್ಕದ್ದೇ ಇರಬೇಕು. ಪೂರ್ತಿ ಕಮಾನು ಸುಮಾರು 74–75 ಸೆಂಟಿಮೀಟರ್, ಮುಕ್ಕಾಲಿನದು 69ರ ಹತ್ತಿರ, ಅರೆಯದು 62ರ ಹತ್ತಿರ. ಕಮಾನಿನ ತುದಿಯವರೆಗೆ ಎಳೆದಾಗ ಬಲಗೈ ಹೆಚ್ಚು ಕಡಿಮೆ ನೇರವಾಗಿ, ಆದರೆ ಭುಜ ಹಿಂದಕ್ಕೆ ಹೋಗದೆ ನಿಲ್ಲಬೇಕು. ಉದ್ದದ ಕಮಾನು ಕೊಟ್ಟರೆ ತುದಿಯ ಹತ್ತಿರ ಅದು ಕುದುರೆಗೆ ಅಡ್ಡವಾಗಿ ನಿಲ್ಲದೆ ಓರೆಯಾಗುತ್ತದೆ, ನಾದ ಸೀಳುತ್ತದೆ.

ಶ್ರುತಿಯ ವಿಷಯವನ್ನು ಹೆಚ್ಚಿನವರು ಸೈಜಿನ ಜೊತೆ ಸೇರಿಸುವುದಿಲ್ಲ, ಸೇರಿಸಲೇಬೇಕು. ಪಿಟೀಲಿನ ತಂತಿಗಳನ್ನು ಮಾಡುವುದು ಪಾಶ್ಚಾತ್ಯ ಶ್ರುತಿಗೆ: ಜಿ, ಡಿ, ಎ, ಇ. ನಾವು ಕಟ್ಟುವುದು ಸ, ಪ, ಸ, ಪ. ಯಕ್ಷಗಾನದವರು ಬಿಳಿ ಐದು ಅನ್ನುವ ಶ್ರುತಿ (ಹಾರ್ಮೋನಿಯಂನ ಐದನೆಯ ಬಿಳಿ ಮನೆ, ಅಂದರೆ ಜಿ) ಇಟ್ಟರೆ ದಪ್ಪದ ಎರಡು ತಂತಿಗಳು ಅವುಗಳ ಹುಟ್ಟುಶ್ರುತಿಯಲ್ಲೇ ಇರುತ್ತವೆ, ಸಣ್ಣವೆರಡೂ ಒಂದೊಂದು ಬಿಳಿ ಮನೆ ಮಾತ್ರ ಇಳಿಯುತ್ತವೆ. ಅದೇ ತಂತಿಯನ್ನು ಬಿಳಿ ಒಂದಕ್ಕೆ ಇಳಿಸಿದರೆ ಕಂಪನ ಮೂರರಲ್ಲಿ ಎರಡು ಪಾಲಾಗುತ್ತದೆ, ಬಿಗಿ ಅದರ ವರ್ಗದ ಲೆಕ್ಕದಲ್ಲಿ ಒಂಬತ್ತರಲ್ಲಿ ನಾಲ್ಕು ಪಾಲಿಗೆ ಕುಸಿಯುತ್ತದೆ. ಪೂರ್ತಿ ಪಿಟೀಲು ಇದನ್ನು ಹೇಗೋ ತಡೆದುಕೊಳ್ಳುತ್ತದೆ. ಕಾಲು, ಅರೆ ಪಿಟೀಲುಗಳಲ್ಲಿ ಮಂದ್ರ ಷಡ್ಜದ ತಂತಿ ಸೊರಗಿ, ಕಮಾನು ತಾಗಿದರೆ ಬುರುಬುರು ಅನ್ನುತ್ತದೆ. ಅದಕ್ಕೇ ಚಿಕ್ಕ ಪಿಟೀಲಿನ ಮಗುವಿಗೆ ಐದರ ಆಸುಪಾಸಿನ ಶ್ರುತಿಯೇ ಹಿತ. ದೊಡ್ಡವರ ಜೊತೆ ಒಂದೇ ಚಾಪೆಯಲ್ಲಿ ಕೂತು ತಗ್ಗಿನ ಒಂದೂವರೆ ಶ್ರುತಿಯಲ್ಲಿ ನುಡಿಸಬೇಕು ಅನ್ನುವ ಕಾರಣಕ್ಕೆ ದೊಡ್ಡ ಪಿಟೀಲು ಕೊಡಿಸುವುದು ಬೇಡ.

ತಂತಿಯೂ ಆಯಾ ಸೈಜಿನದೇ ಬೇಕು. ಪೂರ್ತಿ ಪಿಟೀಲಿನ ತಂತಿಯನ್ನು ಅರೆಗೆ ಹಾಕಿ, ಹೆಚ್ಚಾದದ್ದನ್ನು ಬಿರಡೆಗೆ ಸುತ್ತುವವರಿದ್ದಾರೆ. ತಂತಿ ಗಿಡ್ಡವಾದಷ್ಟೂ ಅದೇ ಶ್ರುತಿಗೆ ಬೇಕಾದ ಬಿಗಿ ಕಡಿಮೆಯಾಗುತ್ತದೆ. 328ರಿಂದ 286ಕ್ಕೆ ಬಂದರೆ ಸುಮಾರು ಕಾಲು ಭಾಗ ಬಿಗಿ ಹೋಯಿತು. ಮೇಲಿಂದ ದಪ್ಪ ಸುತ್ತಿನ ಭಾಗವೂ ಬಿರಡೆಗೆ ಸುತ್ತಿಕೊಂಡು, ಪೆಟ್ಟಿಗೆಯ ಗೋಡೆಗೆ ಒತ್ತಿ, ಬಿರಡೆ ಹಿಂದಕ್ಕೆ ತಿರುಗುತ್ತದೆ.

ಸೈಜ್ ಸರಿಯಿದ್ದೂ ಮಗು ಒದ್ದಾಡುತ್ತಿದ್ದರೆ ಬಿರಡೆಯ ಕಡೆಯ ಆ ಚಿಕ್ಕ ಮೆಟ್ಟಿಲನ್ನು ನೋಡಿ. ಅಗ್ಗದ ಚಿಕ್ಕ ಪಿಟೀಲುಗಳಲ್ಲಿ ಅದನ್ನು ಸರಿಯಾಗಿ ಕೊರೆಯದೆ ಎತ್ತರ ಬಿಟ್ಟಿರುತ್ತಾರೆ. ತಂತಿಗೂ ಬೆರಳು ಓಡುವ ಕರಿ ಹಲಗೆಗೂ ನಡುವೆ ಆ ತುದಿಯಲ್ಲಿ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಜಾಗ ಸಾಕು. ಎರಡು ಮೂರು ಕಾರ್ಡ್ ಹೋಗುತ್ತವೆ ಅಂದರೆ ರಿಷಭ ಒತ್ತಲು ಮಗು ಇಡೀ ಕೈಯ ಬಲ ಹಾಕಬೇಕು. ರಿಪೇರಿ ಮಾಡುವವರಿಗೆ ಅದು ಅರ್ಧ ಗಂಟೆಯ ಕೆಲಸ. ಕುದುರೆಯ ಜಾಗವನ್ನೂ ನೋಡಿ: ಎಫ್ ರಂಧ್ರಗಳ ಒಳಬದಿಯಲ್ಲಿ ಚಿಕ್ಕ ಕಚ್ಚುಗಳಿವೆ, ಆ ಎರಡು ಕಚ್ಚುಗಳ ನೇರಕ್ಕೆ ಕುದುರೆ ನಿಲ್ಲಬೇಕು. ಅದು ಬಾಲದ ಕಡೆ ಸರಿದಿದ್ದರೆ ತಂತಿ ಉದ್ದವಾಗಿ, ಅರೆ ಪಿಟೀಲು ಮುಕ್ಕಾಲಿನ ಹಾಗೆ ನಡೆದುಕೊಳ್ಳುತ್ತದೆ. ಪಾರ್ಸೆಲ್‌ನಲ್ಲಿ ಬಂದ ವಾದ್ಯಗಳಲ್ಲಿ ಕುದುರೆ ಮಲಗಿಯೇ ಬರುವುದು ವಾಡಿಕೆ, ಮನೆಯಲ್ಲಿ ನಿಲ್ಲಿಸಿದವರು ಅಂದಾಜಿಗೆ ನಿಲ್ಲಿಸಿರುತ್ತಾರೆ. ಯಾವ ಕಾರಣಕ್ಕೂ ನಾಲ್ಕು ತಂತಿಗಳನ್ನು ಒಟ್ಟಿಗೆ ಬಿಚ್ಚಬೇಡಿ. ಒಳಗಿನ ಸೌಂಡ್‌ಪೋಸ್ಟ್ ಎಂಬ ಚಿಕ್ಕ ಮರದ ಕಂಬ ಅಂಟಿಸಿದ್ದಲ್ಲ, ಒತ್ತಡದಲ್ಲಿ ನಿಂತದ್ದು. ಒತ್ತಡ ಹೋದರೆ ಅದು ಬೀಳುತ್ತದೆ.

ಅಜ್ಜನ ಮನೆಯ ಅಟ್ಟದಲ್ಲಿ ಹಳೆಯ ಪಿಟೀಲು ಇರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅದು ಹೆಚ್ಚಾಗಿ ಪೂರ್ತಿ ಸೈಜಿನದೇ ಆಗಿರುತ್ತದೆ. ಪ್ರೀತಿಯಿಂದ ಇಟ್ಟುಕೊಳ್ಳಿ, ಮಗುವಿಗೆ ಹನ್ನೆರಡು ಹದಿಮೂರು ಆಗುವಷ್ಟರಲ್ಲಿ ಸರಿ ಮಾಡಿಸಿ ಕೊಡಿ, ಈಗಲೇ ಬೇಡ. ತೆಗೆದು ನೋಡುವಾಗ ಒಡಲಿನ ಅಂಚಿನುದ್ದಕ್ಕೂ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಟ್ಟಿ ಸದ್ದು ಬರುತ್ತಾ ಒಂದು ಕಡೆ ಮಾತ್ರ ಟರಟರ ಅಂದರೆ ಅಲ್ಲಿ ಬೆಸುಗೆ ಬಿಟ್ಟಿದೆ. ಕಾಸರಗೋಡಿನ ಮಳೆಗಾಲದಲ್ಲಿ ಇದು ಹೊಸ ವಾದ್ಯಕ್ಕೂ ಆಗುತ್ತದೆ. ಪಿಟೀಲನ್ನು ಸೇರಿಸುವ ಪ್ರಾಣಿಜನ್ಯ ಅಂಟು ತೇವಕ್ಕೆ ಮೆತ್ತಗಾಗುತ್ತದೆ. ಬೆಸುಗೆ ಬಿಡುವುದು ಒಂದು ರೀತಿಯಲ್ಲಿ ಒಳ್ಳೆಯದೇ, ಅದು ಬಿಡದಿದ್ದರೆ ಹಲಗೆಯೇ ಸೀಳುತ್ತಿತ್ತು. ಆದರೆ ಮನೆಯಲ್ಲಿರುವ ಫೆವಿಕಾಲ್ ಹಾಕಿ ಒತ್ತಿದರೆ ಮುಂದಿನ ಸಲ ಬೆಸುಗೆ ಬಿಡುವ ಬದಲು ಮರ ಒಡೆಯುತ್ತದೆ. ರಿಪೇರಿಯವರಿಗೇ ಕೊಡಿ.

ಮಳೆಗಾಲದಲ್ಲಿ ಬಿರಡೆಗಳು ಉಬ್ಬಿ ಕಚ್ಚಿಕೊಳ್ಳುತ್ತವೆ. ಮಗುವಿನ ಕೈಯಲ್ಲಿ ತಿರುಗಿಸಲು ಬಿಡಬೇಡಿ, ಬಿರಡೆಯ ಕುತ್ತಿಗೆ ಮುರಿಯುತ್ತದೆ. ಜನವರಿ ಫೆಬ್ರವರಿಯಲ್ಲಿ ಅವೇ ಬಿರಡೆಗಳು ಒಣಗಿ ಜಾರುತ್ತವೆ. ಅದಕ್ಕೇ ಚಿಕ್ಕ ಪಿಟೀಲು ಕೊಳ್ಳುವಾಗ ನಾಲ್ಕು ತಂತಿಗೂ ಫೈನ್ ಟ್ಯೂನರ್ (ಶ್ರುತಿ ತಿದ್ದುವ ಚಿಕ್ಕ ತಿರುಪು) ಇರುವುದನ್ನೇ ಆರಿಸಿ. ಪೆಟ್ಟಿಗೆಯನ್ನು ಅಡಿಗೆಮನೆಯ ಅಟ್ಟದಲ್ಲಾಗಲಿ ಮಣ್ಣಿನ ಗೋಡೆಗೆ ತಾಗಿಸಿಯಾಗಲಿ ಇಡುವುದು ಬೇಡ. ತಿಂಗಳುಗಟ್ಟಲೆ ಮುಚ್ಚಿದ ಪೆಟ್ಟಿಗೆಯಲ್ಲಿ ಕಮಾನಿನ ಕೂದಲನ್ನು ಹುಳ ಕತ್ತರಿಸುತ್ತದೆ. ದಿನಾ ತೆರೆದು ನುಡಿಸುವುದೇ ಅದಕ್ಕೆ ಔಷಧ.

ಖರ್ಚಿನ ಚಿಂತೆ ನಿಜವಾದದ್ದು. ಅಡಿಕೆ ಫಸಲಿನ ಮೇಲೆ ನಡೆಯುವ ಮನೆಯಲ್ಲಿ ಮೂರು ವರ್ಷಕ್ಕೊಂದು ಪಿಟೀಲು ಅಂದರೆ ಸುಲಭವಲ್ಲ. ಆದರೆ ಚಿಕ್ಕ ಪಿಟೀಲು ಸವೆಯುವ ವಸ್ತುವೇ ಅಲ್ಲ. ಎರಡು ವರ್ಷ ನುಡಿಸಿದ ಅರೆ ಪಿಟೀಲು ಮುಂದಿನ ಮಗುವಿಗೆ ಹೊಸದರಷ್ಟೇ ಒದಗುತ್ತದೆ. ಒಂದೇ ಗುರುಗಳ ಬಳಿ ಹತ್ತು ಹದಿನೈದು ಮಕ್ಕಳಿದ್ದರೆ, ಎರಡು ಕಾಲು, ಮೂರು ಅರೆ, ಎರಡು ಮುಕ್ಕಾಲು ಪಿಟೀಲುಗಳು ಮನೆಯಿಂದ ಮನೆಗೆ ಸುತ್ತುತ್ತಿದ್ದರೆ ಸಾಕು. ತಂತಿ ಹೊಸದು ಹಾಕಿಸಿ, ಕಮಾನಿಗೆ ಕೂದಲು ಕಟ್ಟಿಸಿ ದಾಟಿಸುವುದು ಕೊಡುವ ಮನೆಯ ಜವಾಬ್ದಾರಿ ಎಂದು ಮೊದಲೇ ಮಾತಾಡಿಕೊಂಡರೆ ಮನಸ್ತಾಪವೂ ಇಲ್ಲ. ಉಳಿದ ದುಡ್ಡನ್ನು ಪೂರ್ತಿ ಪಿಟೀಲಿಗೆ ಎತ್ತಿಡಿ. ಮಗುವಿನ ಕೈಯಲ್ಲೇ ಕೊನೆಯವರೆಗೆ ಉಳಿಯುವುದು ಅದೊಂದೇ.

ಸೈಜ್ ಬದಲಿಸುವ ಸಮಯಕ್ಕೂ ಲೆಕ್ಕ ಇರಲಿ. ಹೊಸ ಅಂತರಗಳಿಗೆ ಕಿವಿ ಬೆರಳನ್ನು ಕರೆದೊಯ್ಯಲು ಕೆಲವು ವಾರ ಹಿಡಿಯುತ್ತದೆ. ಆ ದಿನಗಳಲ್ಲಿ ಕೃತಿ ಬೇಡ, ಮತ್ತೆ ಸರಳೆ, ಜಂಟಿ, ನಿಧಾನವಾಗಿ, ತಂಬೂರಿ ಹಾಕಿಕೊಂಡು. ಕೇರಳದ ಶಾಲಾ ಕಲೋತ್ಸವದ ಉಪಜಿಲ್ಲಾ ಸ್ಪರ್ಧೆ ಎದುರಿಗಿರುವಾಗ ಹೊಸ ಸೈಜ್ ಕೈಗೆ ಕೊಟ್ಟರೆ ವರ್ಣದ ಎರಡನೆಯ ಕಾಲದಲ್ಲಿ ಕೈ ಹಳೆಯ ಜಾಗಕ್ಕೇ ಹೋಗುತ್ತದೆ. ಏಪ್ರಿಲ್ ಮೇ ರಜೆ ಇದಕ್ಕೆ ಹೇಳಿಮಾಡಿಸಿದ ಹೊತ್ತು. ಮರವೂ ಒಣಗಿರುತ್ತದೆ, ಬೆಸುಗೆಯ ತೊಂದರೆ ಇದ್ದರೆ ಮಳೆ ಹಿಡಿಯುವ ಮೊದಲೇ ರಿಪೇರಿಗೆ ಕೊಡಬಹುದು.

ಮಕ್ಕಳ ಎತ್ತರವನ್ನು ಬಾಗಿಲಿನ ದಾರಂದದಲ್ಲಿ ಗೀಟು ಹಾಕಿ ಗುರುತಿಸುವ ಮನೆಗಳಲ್ಲಿ, ಪಿಟೀಲು ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ. ನಾಲ್ಕು ತಿಂಗಳಿಗೊಮ್ಮೆ ದಿನಾಂಕ, ತೋಳಿನ ಉದ್ದ, ಸ್ಕೇಲಿನ ಮೇಲೆ ತೋರುಬೆರಳಿನಿಂದ ನಡುಬೆರಳಿಗೆ ಬಂದ ಮಿಲಿಮೀಟರ್ ಬರೆದಿಡಿ. ಪಿಟೀಲು ಮುಂದಿನ ಮನೆಗೆ ಹೋಗುವಾಗ ಆ ಚೀಟಿಯನ್ನು ಕೀಳದೆ, ಅದರ ಕೆಳಗೇ ಹೊಸ ಮಗುವಿನ ಅಳತೆ ಶುರು ಮಾಡಬಹುದು.